ಮಗ್ಗದ ಹಿಂದಿನ ಹಿತ್ತಲು

ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಇತಿಹಾಸ ಬರೆಯೋರ ಮಟ್ಟಿಗೆ ಹಿತ್ತಲ ಗಿಡ ಬೆಳೆಯೂ ಅಲ್ಲ. ಜಮಖಂಡಿ, ಮುಧೋಳದ ಕಡೆ ಕಬ್ಬು ಎಷ್ಟು ಎಕರೆ, ಗೋವಿನಜೋಳ ಎಷ್ಟು ಎಕರೆ ಅನ್ನೋದಕ್ಕೆ ಸರ್ಕಾರದ ಹತ್ತಿರ ಲೆಕ್ಕ ಇದೆ. ಬಚ್ಚಲ ನೀರು ಕುಡಿದು ಬೆಳೆದ ಬಾಳೆ, ನುಗ್ಗೆ, ಗೋಡೆ ಮೇಲೆ ಹಬ್ಬಿದ ಹೀರೇಬಳ್ಳಿ, ತಿಪ್ಪೆ ಪಕ್ಕದ ಕುಂಬಳ ಇವೆಲ್ಲ ಪಹಣಿಯಲ್ಲಿ ಬರೋಲ್ಲ. ಬೆಳೆದವರೂ ಬರೋಲ್ಲ, ಯಾಕಂದ್ರೆ ಅವರು ರೈತರಲ್ಲ. ನೇಕಾರರು, ಸಾಲಿ ಮಾಸ್ತರರು, ಫ್ಯಾಕ್ಟರಿ ನೌಕರರು, ಕಂಡಿಕೆ ಸುತ್ತೋ ಹೆಂಗಸರು....

ಇದರ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಅಂದ್ಕೊಂಡಿದ್ದೆ. ಹೊಟ್ಟೆಪಾಡಿಗೆ ಬೇರೆ ಕೆಲಸ ಇಟ್ಟುಕೊಂಡು ಮನೆ ಹಿಂದೆ ತಿನ್ನೋದನ್ನ ಬೆಳೆದವರು ಯಾರು? ಅವರಿಗೆ ಅದು ಹೇಗೆ ಸಾಧ್ಯ ಆಯ್ತು? "ಟೈಮ್ ಇದ್ದೋರು ಮಾಡ್ತಾರೆ ಬಿಡಪ್ಪಾ" ಅಂತ ನಮ್ಮ ಆಫೀಸಿನಲ್ಲಿ ಸಲೀಸಾಗಿ ಹೇಳಿಬಿಡ್ತಾರೆ. ನನಗೆ ಹಾಗನ್ನಿಸೋಲ್ಲ. ಟೈಮು ಎಷ್ಟಿದೆ ಅನ್ನೋದಕ್ಕಿಂತ ಆ ಟೈಮು ಯಾರ ಕೈಲಿದೆ ಅನ್ನೋದರ ಮೇಲೆ ಹಿತ್ತಲು ನಿಂತಿದೆ ಅಂತ ನನ್ನ ವಾದ. ಒಪ್ಪೋದು ಬಿಡೋದು ನಿಮಗೆ ಬಿಟ್ಟಿದ್ದು.

ನಮ್ಮದು ರಬಕವಿ-ಬನಹಟ್ಟಿ. ಗೊತ್ತಿಲ್ಲದವರಿಗೆ: ಬಾಗಲಕೋಟೆ ಜಿಲ್ಲೆಯ ಜೋಡಿ ಊರು, ಸೀರೆ ನೇಯೋ ಊರು. ಅಜ್ಜನ ಕಾಲದಲ್ಲಿ ಮನೆಯೊಳಗೇ ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ದಿನವಿಡೀ ಲಾಳಿ ಓಡಿಸೋದು. ನೇಕಾರರಿಗೆ ಬಿಡುವಿತ್ತು ಅಂತ ಯಾರಾದರೂ ಅಂದ್ರೆ ನಾನಂತೂ ನಂಬೋಲ್ಲ. ನೇಯ್ದಷ್ಟೇ ಕೂಲಿ, ಸಾವಕಾರನ ಹತ್ತಿರ ಸಾಲ, ಹಬ್ಬದ ಮುಂಚೆ ರಾತ್ರಿಯೂ ಕೆಲಸ. ಆದರೆ ಮಗ್ಗದಿಂದ ಹಿತ್ತಲಿಗೆ ಹತ್ತು ಹೆಜ್ಜೆ. ಅಜ್ಜ ಹೇಳ್ತಿದ್ದ, "ಕಾಲು ಜೋಮು ಹಿಡೀತಂದ್ರ ಎದ್ದು ಹೋಗಿ ಬದನಿ ಗಿಡಕ್ಕ ಒಂದ್ ಕೊಡ ನೀರ ಹಾಕಿ ಬರೂದು, ಅಷ್ಟ." ಯಾರ ಪರ್ಮಿಷನ್ನೂ ಬೇಕಿರಲಿಲ್ಲ. ಅಜ್ಜಿ ಕಂಡಿಕೆ ಸುತ್ತೋದರ ನಡುವೆ ಪುಂಡಿಪಲ್ಯ ಕಿತ್ತು ತರೋಳು. ಚವಳಿ, ಹೀರಿ, ಅವರಿ ಬೀಜ ಬೂದಿಯಲ್ಲಿ ಕಲೆಸಿ ಇಡೋಳು. ಇದನ್ನ ಹವ್ಯಾಸ ಅಂತ ಕರೆದಿದ್ರೆ ಇಬ್ಬರೂ ನಕ್ಕುಬಿಡೋರು :)

ಇಂಥದೇ ಕಥೆ ನನಗೆ ಸಿಕ್ಕಿದ್ದು ಎಲ್ಲೋ ದೂರದಲ್ಲಿ, ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ. ಹದಿನೆಂಟನೇ ಶತಮಾನದಲ್ಲಿ ಅದೂ ಕೈಮಗ್ಗದ ಸೀಮೆ. ಅಲ್ಲಿನ ನೇಕಾರರಿಗೆ ಗೂಸ್‌ಬೆರಿ ಹಣ್ಣಿನ ಹುಚ್ಚು. (ನಮ್ಮ ನೆಲ್ಲಿಕಾಯಿಗೆ ಇಂಡಿಯನ್ ಗೂಸ್‌ಬೆರಿ ಅಂತಾರಲ್ಲ, ಅದಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ. ಇದು ಮುಳ್ಳಿನ ಪೊದೆಯಲ್ಲಿ ಬಿಡೋ ಹಣ್ಣು.) ಮನೆ ಹಿಂದಿನ ಗೇಣು ಜಾಗದಲ್ಲಿ ಬೆಳೆದು, ಯಾರ ಹಣ್ಣು ಹೆಚ್ಚು ತೂಕ ಅಂತ ಸ್ಪರ್ಧೆ. ಹೆಂಡದಂಗಡಿಯಲ್ಲಿ ತಕ್ಕಡಿ ಇಟ್ಟು, ಬಂಗಾರ ತೂಗಿದ ಹಾಗೆ ಗ್ರೇನ್ ಲೆಕ್ಕದಲ್ಲಿ ತೂಗೋರು. ಗೆದ್ದವನಿಗೆ ತಾಮ್ರದ ಕೆಟಲ್. ಇಡೀ ಗಿಡದಲ್ಲಿ ನಾಲ್ಕೈದು ಕಾಯಿ ಮಾತ್ರ ಬಿಟ್ಟು ಉಳಿದದ್ದನ್ನ ಚಿವುಟಿ ಹಾಕೋದು, ಬಿಸಿಲು ಬಿದ್ದರೆ ನೆರಳು ಕಟ್ಟೋದು, ಕಾಯಿಯ ಕೆಳಗೆ ಬಸಿಯಲ್ಲಿ ನೀರಿಟ್ಟು ತಂಪು ಮಾಡೋದು.... ಮಕ್ಕಳನ್ನ ಸಾಕಿದ ಹಾಗೆ. ದಿನಕ್ಕೆ ಹತ್ತು ಸಲ ಎದ್ದು ಹೋಗಿ ನೋಡಬೇಕಾದ ಕೆಲಸ ಇದು. ಮಗ್ಗ ಮನೆಯಲ್ಲಿದ್ದವನಿಗೆ ಮಾತ್ರ ಹೊಂದೋ ಕೆಲಸ.

ಇದು ಬರೀ ಚಟ ಅಂದ್ಕೋಬೇಡಿ. 1786ರಿಂದಲೇ ಈ ಹಣ್ಣುಗಳ ತೂಕದ ದಾಖಲೆ ಅಚ್ಚಾಗ್ತಾ ಬಂತು. ಚಾರ್ಲ್ಸ್ ಡಾರ್ವಿನ್ 1868ರ ತನ್ನ ಪುಸ್ತಕದಲ್ಲಿ, ಮನುಷ್ಯ ಆರಿಸಿ ಆರಿಸಿ ಬೆಳೆಸಿದರೆ ಗಿಡ ಎಷ್ಟು ಬದಲಾಗುತ್ತೆ ಅಂತ ತೋರಿಸೋಕೆ ಈ ದಾಖಲೆಯನ್ನೇ ಬಳಸಿಕೊಂಡ. 'ಲಂಡನ್' ಅನ್ನೋ ತಳಿಯ ಒಂದು ಹಣ್ಣು 1852ರಲ್ಲಿ ಕಾಡಿನ ಹಣ್ಣಿನ ಏಳೆಂಟು ಪಟ್ಟು ತೂಗಿತ್ತು, ಹತ್ತಿರ ಹತ್ತಿರ 58 ಗ್ರಾಂ. ಜೀವವಿಕಾಸದ ಪಾಠದೊಳಗೆ ನೇಕಾರರ ಹಿತ್ತಲು ಬಂದಿದೆ. ನಮ್ಮ ಪಿಯುಸಿ ಬಯಾಲಜಿ ಪುಸ್ತಕದಲ್ಲಿ ಇದು ಯಾಕಿರಲಿಲ್ಲವೋ!

ಸ್ಕಾಟ್ಲೆಂಡಿನ ಪೇಯ್ಸ್ಲಿ ನೇಕಾರರೂ ಹೀಗೇ, ಆದರೆ ಅವರ ಹುಚ್ಚು ಹೂವಿನದು. ಕಾಶ್ಮೀರದ ಶಾಲನ್ನ ನಕಲು ಮಾಡಿ ಮಾಡಿ, ನಮ್ಮ ಸೀರೆ ಸೆರಗಿನ ಮಾವಿನಕಾಯಿ ಬುಟ್ಟಾಕ್ಕೆ 'ಪೇಯ್ಸ್ಲಿ' ಅಂತ ಜಗತ್ತೆಲ್ಲ ಕರೆಯೋ ಹಾಗೆ ಮಾಡಿದ ಊರು ಅದೇ.

ಆಮೇಲೆ ಪವರ್‌ಲೂಮ್ ಬಂತು. ಕಾರ್ಟ್‌ರೈಟ್ ಪೇಟೆಂಟ್ ತಗೊಂಡಿದ್ದು 1785ರಲ್ಲಿ, ಪೂರ್ತಿ ಹಬ್ಬೋಕೆ ಐವತ್ತು ಅರವತ್ತು ವರ್ಷ ಹಿಡೀತು. 1820ರ ಸುಮಾರಿಗೆ ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕೈಮಗ್ಗದ ಹತ್ತಿ ನೇಕಾರರಿದ್ದರು, 1860ರ ಹೊತ್ತಿಗೆ ಕೆಲವೇ ಸಾವಿರ. ಉಳಿದವರು, ಅವರ ಮಕ್ಕಳು ಗಿರಣಿ ಸೇರಿದರು. ಗಂಟೆ ಹೊಡೆದಾಗ ಒಳಗೆ, ಗಂಟೆ ಹೊಡೆದಾಗ ಹೊರಗೆ. ಹೆಂಗಸರಿಗೆ, ಎಳೆಯರಿಗೆ ದಿನಕ್ಕೆ ಹತ್ತು ಗಂಟೆ ಅಂತ ಮಿತಿ ಹಾಕೋ ಕಾಯಿದೆ ಬಂದಿದ್ದೇ 1847ರಲ್ಲಿ. ಅಂದ್ರೆ ಅದಕ್ಕೂ ಮುಂಚೆ ಹೇಗಿತ್ತು ಲೆಕ್ಕ ಹಾಕಿ. ಗೂಸ್‌ಬೆರಿ ಸ್ಪರ್ಧೆ ತಕ್ಷಣ ನಿಲ್ಲಲಿಲ್ಲ, ಅದನ್ನೂ ಹೇಳಬೇಕು. ಯಾರ್ಕ್‌ಶೈರ್‌ನ ಎಗ್ಟನ್ ಬ್ರಿಜ್ ಅನ್ನೋ ಹಳ್ಳಿಯಲ್ಲಿ 1800ರಲ್ಲಿ ಶುರುವಾದ ಸಂಘ ಈಗಲೂ ಆಗಸ್ಟಿನಲ್ಲಿ ಹಣ್ಣು ತೂಗುತ್ತೆ. ಆದರೆ ಅದು ಮಗ್ಗದವರ ಆಟವಾಗಿ ಉಳಿಯಲಿಲ್ಲ.

ಒಬ್ಬೊಬ್ಬರ ಕಥೆ ತಗೊಂಡರೂ ಇದೇ ಕಾಣುತ್ತೆ. ಮೆಂಡೆಲ್ ಎಲ್ಲರಿಗೂ ಗೊತ್ತು. ಮಠದ ಸನ್ಯಾಸಿ, ಶಾಲೆಯಲ್ಲಿ ಹಂಗಾಮಿ ಮೇಷ್ಟ್ರು, ಕಾಯಂ ಮೇಷ್ಟ್ರಾಗೋ ಪರೀಕ್ಷೆಯಲ್ಲಿ ಎರಡು ಸಲ ದಕ್ಕಲಿಲ್ಲ. 1856ರಿಂದ 1863ರವರೆಗೆ ಮಠದ ತೋಟದಲ್ಲಿ ಬಟಾಣಿ ಬೆಳೆದು, ಸುಮಾರು 28 ಸಾವಿರ ಗಿಡ ಪರೀಕ್ಷಿಸಿ, 1866ರಲ್ಲಿ ಪ್ರಬಂಧ ಅಚ್ಚು ಹಾಕಿಸಿದ. 1868ರಲ್ಲಿ ಮಠಾಧಿಪತಿಯಾದ. ಆಮೇಲೆ ಆಡಳಿತ, ಲೆಕ್ಕಪತ್ರ, ಸರ್ಕಾರದ ಜೊತೆ ತೆರಿಗೆ ಜಗಳ. ಪ್ರಯೋಗಗಳು ಹೆಚ್ಚುಕಡಿಮೆ ನಿಂತೇ ಹೋದವು. ಕೋಡ್ ಬರೀತಿದ್ದವನನ್ನ ಮ್ಯಾನೇಜರ್ ಮಾಡಿದ ಹಾಗಾಯ್ತು ;)

ಅಮೆರಿಕದ ವೆಸ್ಟ್ ವರ್ಜೀನಿಯಾದ ಬೈಲ್ಸ್ ಅನ್ನೋ ಮೆಕ್ಯಾನಿಕ್ ಇನ್ನೂ ಮಜಾ. ಘಟ್ಟ ಹತ್ತೋ ಲಾರಿಗಳ ರೇಡಿಯೇಟರ್ ರಿಪೇರಿ ಅವನ ಕಸುಬು. 1930-40ರ ದಶಕದಲ್ಲಿ ಮನೆ ಹಿಂದೆ ಟೊಮ್ಯಾಟೊ ತಳಿ ಕೂಡಿಸಿ ಕೂಡಿಸಿ ದೊಡ್ಡ ಹಣ್ಣಿನ ಒಂದು ಗಿಡ ಮಾಡಿಕೊಂಡ. ಸಸಿಗೆ ಒಂದು ಡಾಲರಿನಂತೆ ಮಾರಿ, ಆರು ವರ್ಷದಲ್ಲಿ ಮನೆಯ ಆರು ಸಾವಿರ ಡಾಲರ್ ಸಾಲ ತೀರಿಸಿದನಂತೆ. ಆ ತಳಿಗೆ ಈಗಲೂ 'ಮಾರ್ಟ್‌ಗೇಜ್ ಲಿಫ್ಟರ್' ಅಂತಲೇ ಹೆಸರು, ಅಂದ್ರೆ ಮನೆ ಸಾಲ ತೀರಿಸಿದ ಟೊಮ್ಯಾಟೊ. ಅವನಿಗೂ ಅಂಗಡಿ ಸ್ವಂತದ್ದು, ಬಾಗಿಲು ಹಾಕಿ ತೆಗೆಯೋದು ಅವನೇ.

ಇದರಲ್ಲಿ ನನಗೆ ಬೇಜಾರಾಗಿದ್ದು ಬ್ರಾಮ್ಲಿ ಸೇಬಿನ ಕಥೆ. ಇಂಗ್ಲೆಂಡಿನಲ್ಲಿ ಅಡುಗೆ ಸೇಬು ಅಂದ್ರೆ ಬ್ರಾಮ್ಲಿ. ಸೌತ್‌ವೆಲ್ ಅನ್ನೋ ಊರಲ್ಲಿ 1809ರಲ್ಲಿ ಬೀಜ ಹಾಕಿದ್ದು ಮೇರಿ ಆನ್ ಬ್ರೇಲ್ಸ್‌ಫರ್ಡ್ ಅನ್ನೋ ಹುಡುಗಿ. 1846ರಲ್ಲಿ ಆ ಮನೆಯನ್ನ ಬ್ರಾಮ್ಲಿ ಅನ್ನೋ ಕಸಾಯಿ ಕೊಂಡ. 1856ರಲ್ಲಿ ನರ್ಸರಿಯ ಹುಡುಗನೊಬ್ಬ ಕಸಿ ಕಡ್ಡಿ ಕೇಳಿದಾಗ, ಕೊಡ್ತೀನಿ, ಆದರೆ ನನ್ನ ಹೆಸರಿಡಬೇಕು ಅಂದ. ಮೇರಿ ಆನ್ ಅಷ್ಟರಲ್ಲಿ ತೀರಿಕೊಂಡಿದ್ದಳು, ತನ್ನ ಗಿಡ ಇಷ್ಟು ಹೆಸರಾಗುತ್ತೆ ಅಂತ ಅವಳಿಗೆ ಗೊತ್ತೇ ಆಗಲಿಲ್ಲ. ನಮ್ಮ ಕಡೆ ಇಷ್ಟೂ ಇಲ್ಲ. ಬೂದಿಯಲ್ಲಿ ಬೀಜ ಉಳಿಸಿದ ಅಜ್ಜಿಯಂದಿರ ಹೆಸರು ಯಾವ ಹೀರೇಕಾಯಿ ತಳಿಗೂ ಇಲ್ಲ. ಕಸುಬು ಕಾಲಂನಲ್ಲಿ 'ಮನೆಗೆಲಸ', ಮುಗೀತು.

ಮತ್ತೆ ನಮ್ಮ ಸೀಮೆಗೆ ಬರ್ತೀನಿ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. 1948ರಲ್ಲಿ ಎರಡೂ ಮುಂಬಯಿ ಪ್ರಾಂತ್ಯಕ್ಕೆ ಸೇರಿದವು, 1956ರಲ್ಲಿ ಮೈಸೂರು ರಾಜ್ಯಕ್ಕೆ. ರಾಜಧಾನಿ ಅಂದ್ಮೇಲೆ ಕಾರಕೂನರು, ವಕೀಲರು, ಮಾಸ್ತರರು. ಅವರ ಹಿತ್ತಲಲ್ಲಿ ಲಿಂಬಿ, ಕರಿಬೇವು, ತೊಂಡೆ ಚಪ್ಪರ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೋಡಿದರೆ ಸಾಕಾಗೋ ಗಿಡಗಳು. ಸಮೀರವಾಡಿ ಸಕ್ಕರೆ ಕಾರ್ಖಾನೆಯಂಥ ಕಡೆ ದುಡಿಯೋರದು ಇನ್ನೊಂದು ಲೆಕ್ಕ. ಕಬ್ಬು ಅರೆಯೋ ಹಂಗಾಮಿನಲ್ಲಿ ಮೂರು ಪಾಳಿ, ಹಂಗಾಮು ಮುಗಿದ ಮೇಲೆ ಹಂಗಾಮಿ ಕೆಲಸಗಾರರಿಗೆ ರಜೆ. ಆ ರಜೆ ಬೀಳೋದು ಸರಿಯಾಗಿ ಮಳೆಗಾಲಕ್ಕೆ! ಸಂಬಳ ಇಲ್ಲದ ತಿಂಗಳುಗಳಲ್ಲಿ ಮೆಂತೆ, ಬದನೆ, ಚವಳಿ. ಬೀಳಗಿ ಕಡೆ ಬೇರೆಯೇ ಸಂಕಟ. 1964ರಲ್ಲಿ ಅಡಿಗಲ್ಲು ಹಾಕಿದ ಆಲಮಟ್ಟಿ ಆಣೆಕಟ್ಟಿನ ಹಿನ್ನೀರು ಅಲ್ಲಿನ ಹಳ್ಳಿಗಳನ್ನ ನುಂಗಿತು, ಜನ ಪುನರ್ವಸತಿ ಕೇಂದ್ರಗಳಿಗೆ ಹೋದರು. ಅಲ್ಲಿದ್ದ ನಮ್ಮ ಸಂಬಂಧಿಕರು ಹೊಲದ ಪರಿಹಾರದ ಬಗ್ಗೆ ಎಷ್ಟು ಮಾತಾಡ್ತಾರೋ, ಬಿಟ್ಟು ಬಂದ ಹಿತ್ತಲ ನುಗ್ಗೆ ಮರದ ಬಗ್ಗೆಯೂ ಅಷ್ಟೇ ಮಾತಾಡ್ತಾರೆ.

ಬನಹಟ್ಟಿಯಲ್ಲಿ ಪವರ್‌ಲೂಮ್ ಲ್ಯಾಂಕಶೈರ್ ಹಾಗೆ ಜನರನ್ನೆಲ್ಲ ಗಿರಣಿಗೆ ಎಳೆದುಕೊಂಡು ಹೋಗಲಿಲ್ಲ. ಅದೇ ಮನೆಗೆ ಬಂತು. ಆದರೆ ಕುಣಿಮಗ್ಗದ ಜಾಗದಲ್ಲಿ ಹಿಡಿಸೋದಿಲ್ಲವಲ್ಲ, ನಮ್ಮ ಓಣಿಯಲ್ಲಿ ಎಲ್ಲರೂ ಹಿತ್ತಲಿಗೆ ತಗಡು ಹೊದಿಸಿ ಶೆಡ್ ಮಾಡಿದರು. ನಮ್ಮನೆಯಲ್ಲೂ ಅಷ್ಟೇ. ಬದನಿ ಗಿಡ ಇದ್ದಲ್ಲಿ ಈಗ ಎರಡು ಮಗ್ಗ ಕೂತಿವೆ. ಜಾಗ ಹೋಗಿದ್ದು ಒಂದಾದರೆ, ಟೈಮ್ ಹೋಗಿದ್ದು ಇನ್ನೊಂದು. ಕೈಮಗ್ಗ ನಾವು ಎದ್ದಾಗ ನಿಲ್ಲುತ್ತೆ. ಪವರ್‌ಲೂಮ್ ಓಡ್ತಾ ಇರುತ್ತೆ, ಎಳೆ ಹರಿದರೆ ಕಟ್ಟೋಕೆ ಪಕ್ಕದಲ್ಲೇ ನಿಂತಿರಬೇಕು. ಕರೆಂಟ್ ಯಾವಾಗ ಬರುತ್ತೋ ಆವಾಗ ಕೆಲಸ. ಅಪ್ಪ ಮನೆಯಲ್ಲೇ ಇರ್ತಾನೆ, ಆದರೆ ಕೈಗೆ ಸಿಗೋಲ್ಲ. ಪಲ್ಯ ಸಂತೆಯಿಂದ ಬರುತ್ತೆ.

ಬೆಂಗಳೂರಿನದು ತಾರಸಿ ಕಥೆ. ಇಲ್ಲಿ ತಾರಸಿ ತೋಟ ಹಬ್ಬಿಸಿದವರಲ್ಲಿ ಮೊದಲು ನೆನೆಯಬೇಕಾದವರು ಡಾ. ಬಿ.ಎನ್. ವಿಶ್ವನಾಥ್. ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರಜ್ಞರಾಗಿದ್ದವರು. 2011ರಲ್ಲಿ ಶುರುವಾದ 'ಊಟ ಫ್ರಮ್ ಯುವರ್ ತೋಟ' ಮೇಳಕ್ಕೆ ಹೋದರೆ ಎಲ್ಲ ಕಸುಬಿನವರೂ ಸಿಗ್ತಾರೆ. ನಮ್ಮಂಥ ಸಾಫ್ಟ್‌ವೇರಿನವರು ವೀಕೆಂಡಿನಲ್ಲಿ ಚೀಲ ತುಂಬಾ ಸಸಿ ಒಯ್ದು, ವೀಕ್‌ಡೇಸಿನಲ್ಲಿ ಒಣಗಿಸೋದು ಮಾಮೂಲು. 2020ರಲ್ಲಿ ಮಾತ್ರ ಒಂದು ವಿಚಿತ್ರ ಆಯ್ತು. ಲಾಕ್‌ಡೌನ್, ವರ್ಕ್ ಫ್ರಮ್ ಹೋಮ್. ಲ್ಯಾಪ್‌ಟಾಪ್ ಮನೆಗೆ ಬಂತು, ಅಜ್ಜನ ಮಗ್ಗದ ಹಾಗೆ. ಬಿಲ್ಡ್ ಓಡೋ ಹತ್ತು ನಿಮಿಷದಲ್ಲಿ ಮೇಲೆ ಹೋಗಿ ನೀರು ಹಾಕಿ ಬರಬಹುದು. ಆ ವರ್ಷ ನಮ್ಮ ಬಿಲ್ಡಿಂಗಿನ ತಾರಸಿಯಲ್ಲಿ ಹನ್ನೊಂದು ಮನೆಯವರ ಕುಂಡಗಳಿದ್ದವು. ಟೊಮ್ಯಾಟೊ, ಬಸಳೆ, ಪುದೀನ, ನನ್ನದೊಂದು ಪುಂಡಿ. ಅವತ್ತಿನ ಕೆಲಸದ ಹೊತ್ತು ಕಡಿಮೆ ಇತ್ತಾ? ಇಲ್ಲ ಮಾರಾಯ್ರೆ, ಜಾಸ್ತಿಯೇ ಇತ್ತು. ಮಧ್ಯೆ ಎದ್ದು ಹೋಗಬಹುದಿತ್ತು, ಅಷ್ಟೇ.

ಆಮೇಲೆ ಒಂದೊಂದೇ ಆಫೀಸು ವಾಪಸ್ ಕರೆಯಿತು. ವಾರಕ್ಕೆ ಎರಡು ದಿನ, ಆಮೇಲೆ ಮೂರು ದಿನ, ಜೊತೆಗೆ ದಿನಾ ಮೂರು ಗಂಟೆ ಟ್ರಾಫಿಕ್. ಈಗ ತಾರಸಿಯಲ್ಲಿ ಹಸಿರಾಗಿರೋದು ಮೂರು ಮನೆಯವರ ಕುಂಡ ಮಾತ್ರ. ಒಬ್ಬರು ಬ್ಯಾಂಕಿನಿಂದ ರಿಟೈರ್ ಆದ ಅಂಕಲ್, ಒಬ್ಬರು ಮನೆಯಲ್ಲಿರೋ ಆಂಟಿ, ಇನ್ನೊಬ್ಬರು ಗ್ರೌಂಡ್ ಫ್ಲೋರಿನಲ್ಲಿ ಮನೆಯಲ್ಲೇ ಹೊಲಿಗೆ ಮಷೀನ್ ಇಟ್ಟುಕೊಂಡಿರೋ ಟೇಲರಕ್ಕ. ಉತ್ತರ ಕರ್ನಾಟಕದ ಚವಳಿ ಬೀಜ ಬೇಕು ಅಂತ ಆ ಅಕ್ಕ ಕೇಳಿದ್ದಾರೆ. ಊರಿಗೆ ಹೋದಾಗ ನೋಡಬೇಕು, ಅಜ್ಜಿಯ ಡಬ್ಬಿಯಲ್ಲಿ ಇನ್ನೂ ಉಳಿದಿದೆಯಾ ಅಂತ.