ದತ್ತಾಂಶ ರವಾನೆಯ ವೇಗ: ಏಕಮಾನಗಳು ಮತ್ತು ಪರಿವರ್ತನೆ

ಜಾಲದ ಮೂಲಕ ಒಂದು ಸೆಕೆಂಡಿನಲ್ಲಿ ಸಾಗುವ ದತ್ತಾಂಶದ ಪ್ರಮಾಣಕ್ಕೆ ದತ್ತಾಂಶ ರವಾನೆಯ ವೇಗ ಎಂದು ಹೆಸರು. ದೂರಸಂಪರ್ಕ ಕ್ಷೇತ್ರದಲ್ಲಿ ಇದನ್ನು ಬಿಟ್‌ಗಳಲ್ಲಿಯೂ ಕಡತಗಳನ್ನು ಇಳಿಸಿಕೊಳ್ಳುವ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ಬೈಟ್‌ಗಳಲ್ಲಿಯೂ ಹೇಳುವ ರೂಢಿಯಿರುವುದರಿಂದ, ಒಂದೇ ವೇಗವು ಎರಡು ಕಡೆ ಬೇರೆ ಬೇರೆ ಅಂಕಿಗಳಾಗಿ ಕಾಣಿಸಿಕೊಳ್ಳುತ್ತದೆ. ಪರಿವರ್ತನೆಗೆ ಮೊದಲು ಎಣಿಸಿರುವುದು ಬಿಟ್ಟೋ ಬೈಟೋ, ಗುಣಕ 1,000 ಆಗಿದೆಯೋ 1,024 ಆಗಿದೆಯೋ, ಅಂಕಿಯು ಮಾರ್ಗದ ಒಟ್ಟು ಹರಿವಿನದೋ ಬಳಕೆದಾರರಿಗೆ ದಕ್ಕುವ ಭಾಗದ್ದೋ ಎಂಬ ಮೂರು ಸಂಗತಿಗಳು ಸ್ಪಷ್ಟವಾಗಬೇಕು.

ಬಿಟ್, ಬೈಟ್, ಬಾಡ್

0 ಅಥವಾ 1 ಎಂಬ ಎರಡರಲ್ಲೊಂದು ಬೆಲೆಯನ್ನು ಮಾತ್ರ ತಾಳಬಲ್ಲ ದ್ವಿಮಾನ ಅಂಕಿಯೇ ಬಿಟ್. ಕ್ಲಾಡ್ ಶ್ಯಾನನ್ 1948ರಲ್ಲಿ ಪ್ರಕಟಿಸಿದ ಸಂವಹನ ಸಿದ್ಧಾಂತದ ಪ್ರಬಂಧದಲ್ಲಿ ಈ ಪದವನ್ನು ಬಳಸಿ, ಅದನ್ನು ಸೂಚಿಸಿದವರು ಜಾನ್ ಟೂಕಿ ಎಂದು ದಾಖಲಿಸಿದರು. ಬೈಟ್ ಎಂಬ ಪದವನ್ನು 1956ರಲ್ಲಿ ಐಬಿಎಂ ಸಂಸ್ಥೆಯ ವರ್ನರ್ ಬುಕ್‌ಹೋಲ್ಟ್ಸ್ ರೂಪಿಸಿದರು. ಆರಂಭದಲ್ಲಿ ಬೈಟಿನ ಗಾತ್ರ ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತಿತ್ತು. 1964ರಲ್ಲಿ ಪ್ರಕಟವಾದ ಸಿಸ್ಟಮ್/360 ಕಂಪ್ಯೂಟರುಗಳ ಪ್ರಭಾವದಿಂದ ಎಂಟು ಬಿಟ್‌ಗಳ ಬೈಟ್ ನೆಲೆಗೊಂಡಿತು. ಗೊಂದಲಕ್ಕೆ ಎಡೆಯಿರಬಾರದೆಂದು ಜಾಲಗಳ ಮಾನಕಗಳಲ್ಲಿ ಎಂಟು ಬಿಟ್‌ಗಳ ಗುಂಪನ್ನು ಆಕ್ಟೆಟ್ ಎಂದೂ ಕರೆಯುತ್ತಾರೆ.

ಫ್ರಾನ್ಸಿನ ತಂತಿ ತಂತ್ರಜ್ಞ ಎಮಿಲ್ ಬೋದೊ ಅವರ ಹೆಸರಿನಿಂದ ಬಂದ ಬಾಡ್, ಸೆಕೆಂಡಿಗೆ ಎಷ್ಟು ಸಂಕೇತಗಳು ಹೊರಡುತ್ತವೆ ಎಂಬುದರ ಅಳತೆ. ಒಂದು ಸಂಕೇತವು ಹಲವು ಬಿಟ್‌ಗಳನ್ನು ಹೊರಬಲ್ಲದಾದ್ದರಿಂದ ಬಾಡ್ ಮತ್ತು ಬಿಟ್ ದರ ಒಂದೇ ಅಲ್ಲ: ವಿ.22 ಬಿಸ್ ಮಾನಕದ ಮೋಡೆಮ್ 600 ಬಾಡ್‌ನಲ್ಲಿ, ಪ್ರತಿ ಸಂಕೇತಕ್ಕೆ ನಾಲ್ಕು ಬಿಟ್‌ಗಳಂತೆ, ಸೆಕೆಂಡಿಗೆ 2,400 ಬಿಟ್‌ಗಳನ್ನು ಕಳುಹಿಸುತ್ತಿತ್ತು.

1,000 ಅಥವಾ 1,024

ರವಾನೆಯ ವೇಗದಲ್ಲಿ ಕಿಲೋ, ಮೆಗಾ, ಗಿಗಾ ಎಂಬ ಪೂರ್ವಪದಗಳು ದಶಮಾನದವು; ಕ್ರಮವಾಗಿ ಸಾವಿರ, ಹತ್ತು ಲಕ್ಷ, ನೂರು ಕೋಟಿ. ದೂರವಾಣಿಯ ದನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆದರೆ 64 ಕಿಲೋಬಿಟ್ ಆಗುತ್ತದೆ. ಅಂಥ 32 ವಾಹಿನಿಗಳು ಸೇರಿದ ಇ1 ಮಾರ್ಗದ ವೇಗ 2.048 ಮೆಗಾಬಿಟ್. ಸ್ಮೃತಿಯ ವಿಳಾಸಗಳು ಎರಡರ ಘಾತಗಳಲ್ಲಿ ಬೆಳೆಯುವುದರಿಂದ ಕಂಪ್ಯೂಟರ್ ಬಳಕೆಯಲ್ಲಿ 1,024ಕ್ಕೂ ಕಿಲೋ ಎಂದೇ ಹೇಳುವ ವಾಡಿಕೆ ಬೆಳೆಯಿತು. ಈ ಗೊಂದಲವನ್ನು ಪರಿಹರಿಸಲು ಅಂತಾರಾಷ್ಟ್ರೀಯ ವಿದ್ಯುತ್‌ತಾಂತ್ರಿಕ ಆಯೋಗವು 1998ರಲ್ಲಿ ಕಿಬಿ, ಮೆಬಿ, ಗಿಬಿ ಎಂಬ ದ್ವಿಮಾನ ಪೂರ್ವಪದಗಳನ್ನು ಅಂಗೀಕರಿಸಿತು. ಎರಡು ಪದ್ಧತಿಗಳ ಅಂತರ ಕಿಲೋ ಹಂತದಲ್ಲಿ ಶೇ. 2.4 ಇದ್ದು, ಮೆಗಾ ಹಂತದಲ್ಲಿ ಸುಮಾರು ಶೇ. 4.9ಕ್ಕೂ ಗಿಗಾ ಹಂತದಲ್ಲಿ ಸುಮಾರು ಶೇ. 7.4ಕ್ಕೂ ಏರುತ್ತದೆ.

ಪರಿವರ್ತನೆಯ ಕ್ರಮ

ಕೊಟ್ಟಿರುವ ವೇಗವನ್ನು ಮೊದಲು ಪೂರ್ವಪದವಿಲ್ಲದ ಬಿಟ್‌ಗಳಿಗೆ ಇಳಿಸಿ, ಬೈಟ್ ಬೇಕಿದ್ದರೆ 8ರಿಂದ ಭಾಗಿಸಿ, ಕೊನೆಗೆ ಬೇಕಾದ ಪೂರ್ವಪದದ ಬೆಲೆಯಿಂದ ಭಾಗಿಸುವುದು ತಪ್ಪಿಗೆ ಎಡೆಗೊಡದ ಕ್ರಮ. 100 ಮೆಗಾಬಿಟ್ ವೇಗವೆಂದರೆ ಸೆಕೆಂಡಿಗೆ 10 ಕೋಟಿ ಬಿಟ್, ಅದು 1.25 ಕೋಟಿ ಬೈಟ್, ಅಂದರೆ 12.5 ಮೆಗಾಬೈಟ್, 10,48,576ರಿಂದ ಭಾಗಿಸಿದರೆ ಸುಮಾರು 11.92 ಮೆಬಿಬೈಟ್. ಇದೇ ವೇಗದಲ್ಲಿ ಒಂದು ಗಿಗಾಬೈಟ್ ಕಡತಕ್ಕೆ 80 ಸೆಕೆಂಡು ಸಾಕಾದರೆ ಒಂದು ಗಿಬಿಬೈಟ್ ಕಡತಕ್ಕೆ ಸುಮಾರು 86 ಸೆಕೆಂಡು ಬೇಕು.

ಕೆಲವು ಪರಿಚಿತ ವೇಗಗಳು (ಎಲ್ಲವೂ ಸೆಕೆಂಡಿಗೆ):
64 ಕಿಲೋಬಿಟ್ = 8 ಕಿಲೋಬೈಟ್
10 ಮೆಗಾಬಿಟ್ = 1.25 ಮೆಗಾಬೈಟ್
480 ಮೆಗಾಬಿಟ್ (ಯುಎಸ್‌ಬಿ 2.0) = 60 ಮೆಗಾಬೈಟ್
1 ಗಿಗಾಬಿಟ್ = 125 ಮೆಗಾಬೈಟ್

ಲೆಕ್ಕದ ವೇಗ ಮತ್ತು ದಕ್ಕುವ ವೇಗ

ಲೆಕ್ಕ ಸರಿಯಾಗಿದ್ದರೂ ಪರದೆಯ ಮೇಲಿನ ಅಂಕಿ ಅದಕ್ಕಿಂತ ಕೆಳಗಿರುವುದು ಸಹಜ. ದತ್ತಾಂಶವು ತುಣುಕುಗಳಾಗಿ ಸಾಗುವಾಗ ಪ್ರತಿ ತುಣುಕಿಗೂ ವಿಳಾಸ, ದೋಷ ಪರೀಕ್ಷೆಯ ಅಂಕಿಗಳು, ನಡುವಿನ ಬಿಡುವು ಸೇರಿಕೊಳ್ಳುತ್ತವೆ. ಸಾಮಾನ್ಯ ಈಥರ್‌ನೆಟ್‌ನಲ್ಲಿ 1,500 ಬೈಟ್‌ಗಳ ಒಂದು ತುಣುಕು ತಂತಿಯ ಮೇಲೆ 1,538 ಬೈಟ್‌ಗಳ ಕಾಲವನ್ನು ತೆಗೆದುಕೊಳ್ಳುತ್ತದೆ. ಐಪಿ ನಾಲ್ಕನೆಯ ಆವೃತ್ತಿ ಮತ್ತು ಟಿಸಿಪಿ ನಿಯಮಾವಳಿಗಳ ತಲೆಬರಹಗಳಿಗೆ ಕನಿಷ್ಠ 40 ಬೈಟ್ ಕಳೆದರೆ ಕಡತಕ್ಕೆ ಉಳಿಯುವುದು 1,460. ಹೀಗಾಗಿ 100 ಮೆಗಾಬಿಟ್ ಮಾರ್ಗದಲ್ಲಿ ಗರಿಷ್ಠವಾಗಿ ಸುಮಾರು 94.9 ಮೆಗಾಬಿಟ್, ಅಂದರೆ 11.9 ಮೆಗಾಬೈಟ್‌ನಷ್ಟು ಮಾತ್ರ ಕೈಗೆ ಸಿಗುತ್ತದೆ. ಇದು ಮೆಬಿಬೈಟ್ ಲೆಕ್ಕದ 11.92ಕ್ಕೆ ಹತ್ತಿರವಿದ್ದರೂ ಎರಡರ ಕಾರಣಗಳು ಬೇರೆ.

ಭಾರತದಲ್ಲಿ ಮತ್ತು ಕನ್ನಡದಲ್ಲಿ

ಭಾರತದ 2004ರ ಬ್ರಾಡ್‌ಬ್ಯಾಂಡ್ ನೀತಿಯು ಕನಿಷ್ಠ ವೇಗವನ್ನು 256 ಕಿಲೋಬಿಟ್ ಎಂದು ನಿಗದಿ ಮಾಡಿತ್ತು. ಅದು 2013ರಲ್ಲಿ 512 ಕಿಲೋಬಿಟ್‌ಗೂ 2023ರಲ್ಲಿ 2 ಮೆಗಾಬಿಟ್‌ಗೂ ಏರಿತು. ಬೈಟ್‌ಗಳಲ್ಲಿ ಇವು ಕ್ರಮವಾಗಿ 32, 64 ಮತ್ತು 250 ಕಿಲೋಬೈಟ್. ಇಂಗ್ಲಿಷ್ ಸಂಕ್ಷೇಪಗಳಲ್ಲಿ ಸಣ್ಣಕ್ಷರದ ಬಿ ಬಿಟ್ಟನ್ನೂ ದೊಡ್ಡಕ್ಷರದ ಬಿ ಬೈಟನ್ನೂ ಸೂಚಿಸುತ್ತದೆ. ಕನ್ನಡ ಲಿಪಿಯಲ್ಲಿ ಆ ಭೇದ ಇಲ್ಲವಾದ್ದರಿಂದ ಎಂಬಿಪಿಎಸ್ ಎಂಬ ಒಂದೇ ಬರಹವು ಎಂಟು ಪಟ್ಟು ಅಂತರವಿರುವ ಎರಡು ವೇಗಗಳನ್ನೂ ಸೂಚಿಸಬಲ್ಲದು. ಆದಕಾರಣ ಕನ್ನಡ ಬರವಣಿಗೆಯಲ್ಲಿ ಮೆಗಾಬಿಟ್, ಮೆಗಾಬೈಟ್ ಎಂದು ಪೂರ್ಣರೂಪದಲ್ಲಿ ಬರೆಯುವುದೇ ಸ್ಪಷ್ಟವಾದ ಪದ್ಧತಿ.