ಕೊನ್ಯಾಕ್‌ನಿಂದ ಕಲ್ಕತ್ತಕ್ಕೆ, ಅಲ್ಲಿಂದ ಬೆಂಗಳೂರಿಗೆ

ಹತ್ತೊಂಬತ್ತನೇ ಶತಮಾನದ ಕಲ್ಕತ್ತದಲ್ಲಿ ಬ್ರಿಟಿಷರ ಬಂಗಲೆಗಳ ಸಂಜೆಯ ಪಾನೀಯ ‘ಬ್ರಾಂದಿ–ಪಾನಿ’. 1833ರಲ್ಲಿ ಬಾಸ್ಟನ್‌ನಿಂದ ‘ಟಸ್ಕನಿ’ ಹಡಗು ಹೂಗ್ಲಿ ನದಿಗೆ ಮಂಜುಗಡ್ಡೆ ತಂದಿಳಿಸಿದ ಮೇಲೆ ಆ ಲೋಟಕ್ಕೆ ತಂಪೂ ಸೇರಿತು. ಆ ಕಾಲದ ಭಾರತದಲ್ಲಿ ಹೆಸರು ಮಾಡಿದ ಫ್ರೆಂಚ್ ಬ್ರಾಂದಿಗಳಲ್ಲಿ ‘ಎಕ್ಸ್‌ಶಾ’ ಒಂದು.

ಈ ಬ್ರಾಂದಿಯ ಹಿಂದಿದ್ದ ಕಸುಬು ಅಸಾಧಾರಣವಾದದ್ದು. ಫ್ರಾನ್ಸಿನ ಶರಾಂತ್ ನದಿಯ ಸೀಮೆಯಲ್ಲಿ ಬೆಳೆಯುವ ಯೂನಿ ಬ್ಲಾಂ ದ್ರಾಕ್ಷಿಯ ವೈನ್ ಹುಳಿ, ತೆಳು. ಊಟದ ಜೊತೆಗೆ ಕುಡಿಯಲು ಅಷ್ಟೇನೂ ರುಚಿಸದು. ಅದನ್ನೇ ತಾಮ್ರದ ಹಂಡೆಯಲ್ಲಿ ಎರಡು ಸಲ ಬಟ್ಟಿ ಇಳಿಸಿ, ಮೊದಲ ಮತ್ತು ಕೊನೆಯ ಭಾಗವನ್ನು ಬೇರ್ಪಡಿಸಿ, ನಡುವಿನದನ್ನಷ್ಟೇ ಪೀಪಾಯಿಗೆ ತುಂಬುತ್ತಾರೆ. ಕೊಯ್ಲಿನ ಮರುವರ್ಷದ ಮಾರ್ಚ್ 31ರೊಳಗೆ ಬಟ್ಟಿ ಇಳಿಸುವ ಕೆಲಸ ಮುಗಿಯಲೇಬೇಕು ಎಂಬುದು ಕಾನೂನು. ಆಮೇಲೆ ಕೆಲಸವೆಲ್ಲ ಕಾಲದ್ದು. ಲಿಮೋಸಾಂ, ಟ್ರೋನ್ಸೆ ಕಾಡುಗಳ ಓಕ್ ಮರ ಬಣ್ಣವನ್ನೂ ಘಮವನ್ನೂ ಕೊಡುತ್ತದೆ. ವರ್ಷಕ್ಕೆ ಶೇಕಡ 2ರಷ್ಟು ಆವಿಯಾಗಿ ಹೋಗುತ್ತದೆ. ಆ ಆವಿಯನ್ನುಂಡು ಬೆಳೆಯುವ ಶಿಲೀಂಧ್ರದಿಂದ ಉಗ್ರಾಣದ ಗೋಡೆಗಳು ಕಪ್ಪಾಗಿರುತ್ತವೆ. ಇನ್ನು ಮರದಿಂದ ಪಡೆಯುವುದೇನೂ ಉಳಿದಿಲ್ಲ ಎನಿಸಿದಾಗ ದೊಡ್ಡ ಗಾಜಿನ ಬುರುಡೆಗಳಿಗೆ ವರ್ಗಾಯಿಸುತ್ತಾರೆ. ಗಾಜಿನಲ್ಲಿ ಬ್ರಾಂದಿಗೆ ವಯಸ್ಸಾಗುವುದಿಲ್ಲ. ಅತಿ ಹಳೆಯ ಸಂಗ್ರಹವಿರುವ ಕೋಣೆಗೆ ಅಲ್ಲಿನವರು ‘ಪಾರಾದಿ’, ಅಂದರೆ ಸ್ವರ್ಗ, ಎನ್ನುತ್ತಾರೆ.

ಕೊನ್ಯಾಕ್, ಅಂದರೆ ಈ ಶರಾಂತ್ ಸೀಮೆಯ ಬ್ರಾಂದಿ, ಸಾಮಾನ್ಯವಾಗಿ ಹಲವು ವರ್ಷಗಳ ಬ್ರಾಂದಿಗಳ ಮಿಶ್ರಣ. ಒಂದೇ ವರ್ಷದ ಕೊಯ್ಲಿನ ಬಾಟಲಿ ಅಪರೂಪ, ಹಾಗಾಗಿಯೇ ದುಬಾರಿ. ದಕ್ಷಿಣದ ಅರ್ಮಾನ್ಯಾಕ್ ಸೀಮೆಯಲ್ಲಿ ಮಾತ್ರ ವರ್ಷ ನಮೂದಿಸಿ ಮಾರುವ ರೂಢಿ ಇಂದಿಗೂ ಜೀವಂತ.

1870ರ ದಶಕದಲ್ಲಿ ಫಿಲಾಕ್ಸೆರಾ ಎಂಬ ಪುಟ್ಟ ಕೀಟ ಶರಾಂತ್‌ನ ತೋಟಗಳ ಬೇರನ್ನೇ ತಿಂದುಹಾಕಿತು. ಅಮೆರಿಕದ ಬಳ್ಳಿಯ ಬೇರಿಗೆ ಫ್ರೆಂಚ್ ತಳಿಯ ಕಸಿ ಕಟ್ಟಿ ತೋಟ ಉಳಿಸಿಕೊಳ್ಳುವಷ್ಟರಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಲೋಟಗಳಿಗೆ ಸ್ಕಾಚ್ ವಿಸ್ಕಿ ಇಳಿದಿತ್ತು.

ಕಲ್ಕತ್ತದ ಬಂಗಾಳಿ ಸಮಾಜ ಬ್ರಾಂದಿಗೆ ತೆತ್ತ ಬೆಲೆಯನ್ನೂ ಹೇಳಲೇಬೇಕು. ಪ್ಯಾರಿಚರಣ್ ಸರ್ಕಾರ್ 1863ರಲ್ಲಿ ಪಾನನಿರೋಧ ಸಂಘ ಕಟ್ಟಿದರು. 1866ರಲ್ಲಿ ದೀನಬಂಧು ಮಿತ್ರ ‘ಸಧಬಾರ್ ಏಕಾದಶಿ’ ನಾಟಕದಲ್ಲಿ ಕುಡಿತಕ್ಕೆ ಬಲಿಯಾದ ವಿದ್ಯಾವಂತನನ್ನು ರಂಗಕ್ಕೆ ತಂದರು.

ಕಲ್ಕತ್ತದಿಂದ ಕರ್ನಾಟಕಕ್ಕೆ ಕೊಂಡಿ ಬೆಸೆದವರು ಬಂಟ್ವಾಳ ಮೂಲದ ವಿಠಲ ಮಲ್ಯ. ಢಾಕಾದಲ್ಲಿ ಹುಟ್ಟಿ, ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಬೆಂಗಳೂರಿನ ಯುನೈಟೆಡ್ ಬ್ರೂವರೀಸ್‌ನ ಚುಕ್ಕಾಣಿ ಹಿಡಿದ ಅವರು 1951ರಲ್ಲಿ ಮದ್ರಾಸಿನ ಮೆಕ್‌ಡೊವೆಲ್ ಕಂಪನಿಯನ್ನು ಕೊಂಡರು. 1960ರ ದಶಕದಲ್ಲಿ ಕೇರಳದ ಚೇರ್ತಲದಿಂದ ಹೊರಬಂದ ಮೆಕ್‌ಡೊವೆಲ್ ನಂಬರ್ 1 ಬ್ರಾಂದಿ ದಕ್ಷಿಣವನ್ನು ಗೆದ್ದಿತು. 1886ರಲ್ಲಿ ಕಲ್ಕತ್ತದಲ್ಲಿ ಹುಟ್ಟಿದ ಶಾ ವ್ಯಾಲೇಸ್ ಕಂಪನಿ ಕೂಡ 2005ರಲ್ಲಿ ಇದೇ ಮಲ್ಯ ಸಮೂಹದ ಪಾಲಾಯಿತು.

ಆದರೆ ಭಾರತದ ಅಗ್ಗದ ಬ್ರಾಂದಿಯಲ್ಲಿ ಹೆಚ್ಚಿನದು ಕಬ್ಬಿನ ಕಾಕಂಬಿಯ ಮದ್ಯಸಾರ. ದ್ರಾಕ್ಷಿಯ ಪಾಲು ಅಲ್ಪ; ಪೀಪಾಯಿಯ ವಾಸವಂತೂ ಇನ್ನೂ ಅಲ್ಪ. ಬಣ್ಣ ಬರುವುದು ಕ್ಯಾರಮೆಲ್‌ನಿಂದ. ಬ್ರಾಂದಿಯ ಹೆಸರು ಸಮುದ್ರ ದಾಟಿ ಬಂತು, ಕಸುಬು ಅಲ್ಲೇ ಉಳಿಯಿತು.

ಕರ್ನಾಟಕದಲ್ಲಿ ಆ ಕಸುಬು ಅಸಾಧ್ಯವೇನಲ್ಲ. 1948ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ 2004ರಲ್ಲಿ ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿತು. ನಮ್ಮ ಸೆಕೆಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇಕಡ 10ಕ್ಕೂ ಮೇಲೆ ಆವಿಯಾದರೂ ಮದ್ಯ ಬೇಗ ಮಾಗುತ್ತದೆ ಎಂಬುದನ್ನು ಅದು ಜಗತ್ತಿಗೆ ತೋರಿಸಿತು. ನಂದಿಬೆಟ್ಟದ ತಪ್ಪಲಲ್ಲಿ, ವಿಜಯಪುರದಲ್ಲಿ ದ್ರಾಕ್ಷಿಗೆ ಬರವಿಲ್ಲ. ಕೊನ್ಯಾಕ್ ಬಾಟಲಿಯ ಮೇಲೆ ‘ಎಕ್ಸ್ಒ’ ಎಂಬ ದರ್ಜೆಯ ಗುರುತು ಬರೆಯಬೇಕಾದರೆ ಅದರೊಳಗಿನ ಬ್ರಾಂದಿ ಕನಿಷ್ಠ ಹತ್ತು ವರ್ಷ ಪೀಪಾಯಿಯಲ್ಲಿ ಕಳೆದಿರಬೇಕು. 2018ರಿಂದ ಇದು ನಿಯಮ. ನಮ್ಮ ಬಾಟಲಿಗಳ ಮೇಲೂ ದ್ರಾಕ್ಷಿಯ ಪಾಲೆಷ್ಟು, ಪೀಪಾಯಿಯಲ್ಲಿ ಕಳೆದ ವರ್ಷಗಳೆಷ್ಟು ಎಂಬುದನ್ನು ಎದ್ದು ಕಾಣುವಂತೆ ಅಚ್ಚು ಹಾಕುವುದನ್ನು ಸರ್ಕಾರ ಕಡ್ಡಾಯ ಮಾಡಲಿ.