ಮೌಂಟನ್ ಬೈಕ್ ಫ್ರೇಮಿನ ಅಳತೆ

ಗುಡ್ಡದ ಹಾದಿಗೆಂದು ರೂಪಿಸಿದ ಸೈಕಲ್ಲಿನ ಚೌಕಟ್ಟು ಯಾವ ಮೈಕಟ್ಟಿನವರಿಗೆ ಹೊಂದುತ್ತದೆ ಎಂದು ತಿಳಿಸುವ ಸಂಖ್ಯೆ ಅಥವಾ ಗುರುತು. ಸೀಟಿನಡಿಯಿಂದ ಪೆಡಲ್ ಅಚ್ಚಿನತ್ತ ಇಳಿಯುವ ಕೊಳವೆಯ, ಅಂದರೆ ಸೀಟ್ ಟ್ಯೂಬಿನ, ಉದ್ದವೇ ಫ್ರೇಮಿನ ಅಳತೆ ಎಂಬ ವಿವರಣೆ ಇಂದಿಗೂ ಚಲಾವಣೆಯಲ್ಲಿದೆ. 1980ರ ದಶಕದ ಸೈಕಲ್ಲಿಗೆ ಅದು ಸರಿ, ಈಗಿನದಕ್ಕೆ ಸಲ್ಲದು.

ಕ್ಯಾಲಿಫೋರ್ನಿಯದ ಮರಿನ್ ಕೌಂಟಿಯಲ್ಲಿ 1970ರ ದಶಕದಲ್ಲಿ ಜೋ ಬ್ರೀಜ್, ಗ್ಯಾರಿ ಫಿಶರ್, ಟಾಮ್ ರಿಚಿ ಮೊದಲಾದವರಿಂದ ಮೌಂಟನ್ ಬೈಕ್ ರೂಪುಗೊಂಡಿತು. ಅಳತೆಯ ಪದ್ಧತಿ ಬಂದದ್ದು ಮಾತ್ರ ರಸ್ತೆ ಸೈಕಲ್ಲಿನಿಂದ. ಸೀಟಿನ ಕಡೆಯಿಂದ ಹ್ಯಾಂಡಲ್ ಕಡೆಗೆ ಸಾಗುವ ಟಾಪ್ ಟ್ಯೂಬ್ ನೆಲಕ್ಕೆ ಸಮಾನಾಂತರವಾಗಿದ್ದಾಗ ಸೀಟ್ ಟ್ಯೂಬ್ ಉದ್ದವಾದಷ್ಟೂ ಫ್ರೇಮಿನ ಮುಂಭಾಗವೂ ಎತ್ತರವಾಗುತ್ತಿತ್ತು, ಹೀಗಾಗಿ ಒಂದು ಸಂಖ್ಯೆ ಸಾಕಾಗುತ್ತಿತ್ತು. ಆಗಲೂ ಗೊಂದಲ ಇರಲಿಲ್ಲವೆಂದಲ್ಲ. ಪೆಡಲ್ ಅಚ್ಚಿನ ನಡುವಿನಿಂದ ಕೆಲವರು ಟಾಪ್ ಟ್ಯೂಬಿನ ನಡುವಿನವರೆಗೆ ಅಳೆದರೆ, ಇನ್ನು ಕೆಲವರು ಸೀಟ್ ಟ್ಯೂಬಿನ ತುದಿಯವರೆಗೆ ಅಳೆಯುತ್ತಿದ್ದರು. ಒಂದೇ ಫ್ರೇಮಿಗೆ ಎರಡು ಬೇರೆ ಬೇರೆ ಲೆಕ್ಕ.

ಸವಾರ ಥಟ್ಟನೆ ಕಾಲೂರಲು ಅನುಕೂಲವಾಗಲೆಂದು ಟಾಪ್ ಟ್ಯೂಬ್ ಹಿಂದಕ್ಕೆ ಇಳಿಜಾರಾದಂತೆ ಆ ಸಂಖ್ಯೆಯ ಅರ್ಥ ಸಡಿಲವಾಯಿತು. ಸಸ್ಪೆನ್ಷನ್ ಬಂದ ಮೇಲಂತೂ ಹೇಳುವುದೇ ಬೇಡ. 1990ರ ದಶಕದ ಟ್ರೆಕ್ ಕಂಪನಿಯ 'ವೈ' ಆಕಾರದ ಸೈಕಲ್ಲಿನಲ್ಲಿ ಪೆಡಲ್ ಅಚ್ಚು ಇದ್ದದ್ದು ಅಲುಗಾಡುವ ಹಿಂಭಾಗದಲ್ಲಿ. ಚಕ್ರ ಕುಪ್ಪಳಿಸಿದಾಗಲೆಲ್ಲ ಸೀಟಿಗೂ ಪೆಡಲ್ಲಿಗೂ ನಡುವಿನ ದೂರವೇ ಬದಲಾಗುತ್ತಿತ್ತು. ಅಳೆಯುವ ಆಧಾರವೇ ಕದಲಿದರೂ 17, 19 ಇಂಚು ಎಂಬ ಗುರುತುಗಳು ಮಾರುಕಟ್ಟೆಯಲ್ಲಿ ಉಳಿದವು.

ನಿಜವಾದ ತಿರುವು ಬಂದದ್ದು ಬೇರೆ ಕಡೆಯಿಂದ. ಟ್ರಯಥ್ಲಾನ್ ಸೈಕಲ್ ತಯಾರಕ ಡ್ಯಾನ್ ಎಂಪ್‌ಫೀಲ್ಡ್ 2000ರ ದಶಕದಲ್ಲಿ ಸ್ಟ್ಯಾಕ್ ಮತ್ತು ರೀಚ್ ಎಂಬ ಜೋಡಿ ಅಳತೆಯನ್ನು ಬಳಕೆಗೆ ತಂದರು. ಪೆಡಲ್ ಅಚ್ಚಿನಿಂದ, ಫ್ರೇಮಿನ ಮುಂತುದಿಯ ಕೊಳವೆಯಾದ ಹೆಡ್ ಟ್ಯೂಬಿನ ನೆತ್ತಿ ಎಷ್ಟು ಎತ್ತರದಲ್ಲಿದೆ ಎಂಬುದು ಸ್ಟ್ಯಾಕ್, ಎಷ್ಟು ಮುಂದಿದೆ ಎಂಬುದು ರೀಚ್. ಸೀಟಿನ ಹಂಗು ಇವೆರಡಕ್ಕೂ ಇಲ್ಲ. 620 ಮಿ.ಮೀ. ಸ್ಟ್ಯಾಕ್ ಇರುವ ಫ್ರೇಮಿನಲ್ಲಿ ಸೀಟಿನ ಕೋನವನ್ನು 75 ಡಿಗ್ರಿಯಿಂದ 76ಕ್ಕೆ ಏರಿಸಿದರೆ ಅಡ್ಡ ಗೆರೆಯಲ್ಲಿ ಅಳೆದ ಟಾಪ್ ಟ್ಯೂಬ್ ಸುಮಾರು 11 ಮಿ.ಮೀ. ಕುಗ್ಗುತ್ತದೆ, ರೀಚ್ ಕದಲುವುದಿಲ್ಲ. ಇಳಿಜಾರಿನಲ್ಲಿ ಪೆಡಲ್ ಮೇಲೆ ಎದ್ದುನಿಂತೇ ಸಾಗುವ ಸವಾರನಿಗೆ ಬೇಕಾದ ಅಳತೆ ಇದೇ.

ರೀಚ್ ಹೆಚ್ಚಿಸಿದ ಉದ್ದನೆಯ ಫ್ರೇಮಿಗೆ ಗಿಡ್ಡ ಸ್ಟೆಮ್ (ಹ್ಯಾಂಡಲ್ಲನ್ನು ಹಿಡಿದಿಡುವ ತುಂಡು) ಜೋಡಿಸುವ ಕ್ರಮ ಯಾರದು ಎಂಬ ಬಗ್ಗೆ ಒಮ್ಮತವಿಲ್ಲ. ಸ್ಪೇನಿನ ಮೊಂಡ್ರೇಕರ್ ಕಂಪನಿ 2012ರಲ್ಲಿ ಹೊರತಂದ 'ಫಾರ್ವರ್ಡ್ ಜಿಯೊಮೆಟ್ರಿ'ಯನ್ನು ಹಲವರು ಮೂಲವೆನ್ನುತ್ತಾರೆ. ಆದರೆ ಗ್ಯಾರಿ ಫಿಶರ್ ಹೆಸರಿನ ಸೈಕಲ್ಲುಗಳು 'ಜೆನೆಸಿಸ್' ಎಂಬ ವಿನ್ಯಾಸದಲ್ಲಿ 1990ರ ದಶಕದ ಕೊನೆಗೇ ಟಾಪ್ ಟ್ಯೂಬನ್ನು ಉದ್ದ ಮಾಡಿ ಸ್ಟೆಮ್ಮನ್ನು ಮೊಟಕು ಮಾಡಿದ್ದವು. ಮೊದಲಿಗತನ ಫಿಶರ್‌ಗೇ ಸಲ್ಲಬೇಕು. ಅದನ್ನು ತೀರಾ ಮುಂದಕ್ಕೆ ಒಯ್ದ ಶ್ರೇಯಸ್ಸು ಮೊಂಡ್ರೇಕರ್‌ದು.

ಬೇಕಾದಾಗ ಸೀಟನ್ನು ತಗ್ಗಿಸುವ ಡ್ರಾಪರ್ ಪೋಸ್ಟ್ ಸಾಮಾನ್ಯವಾದ ಮೇಲೆ ಸೀಟ್ ಟ್ಯೂಬುಗಳು ಇನ್ನಷ್ಟು ಗಿಡ್ಡವಾದವು. ಸ್ಪೆಷಲೈಸ್ಡ್ ಕಂಪನಿ 2019ರಿಂದೀಚೆಗೆ ಕೆಲವು ಮಾದರಿಗಳಿಗೆ ಸ್ಮಾಲ್, ಮೀಡಿಯಂ ಬಿಟ್ಟು ಎಸ್2, ಎಸ್3 ಎಂಬ ಗುರುತು ಕೊಟ್ಟಿತು. ಕಾಲಿನ ಉದ್ದಕ್ಕಿಂತ ಓಡಿಸುವ ರೀತಿ ನೋಡಿ ಆರಿಸಿಕೊಳ್ಳಿ ಎಂಬುದು ಅದರ ಆಶಯ.

ಭಾರತದ ಅಂಗಡಿಗಳಲ್ಲಿ ಕೇಳಿಬರುವ 26ಟಿ, 27.5ಟಿ, 29ಟಿ ಎಂಬವು ಚಕ್ರದ ಅಳತೆಗಳು, ಫ್ರೇಮಿನದಲ್ಲ. 29ರ ಚಕ್ರದ ಸೈಕಲ್ ಎತ್ತರದವರಿಗೇ ಎಂಬುದೂ ತಪ್ಪು, ಅದೇ ಚಕ್ರದಲ್ಲಿ ಸ್ಮಾಲ್ ಫ್ರೇಮುಗಳೂ ಇವೆ.

ರೀಚ್ ಒಂದನ್ನೇ ನೆಚ್ಚುವುದೂ ಸಲ್ಲದು. ಹೆಡ್ ಟ್ಯೂಬ್ 65 ಡಿಗ್ರಿ ಓರೆಯಾಗಿರುವ ಸೈಕಲ್ಲಿನಲ್ಲಿ ಸ್ಟೆಮ್ಮಿನ ಕೆಳಗೆ 20 ಮಿ.ಮೀ. ಸ್ಪೇಸರ್ ಬಳೆ ಸೇರಿಸಿದರೆ ಹ್ಯಾಂಡಲ್ ಸುಮಾರು 8 ಮಿ.ಮೀ. ಹಿಂದೆ ಸರಿಯುತ್ತದೆ. ಹಾಗಾಗಿ ಎರಡು ಫ್ರೇಮುಗಳ ರೀಚ್ ಹೋಲಿಸುವಾಗ ಸ್ಟ್ಯಾಕನ್ನೂ ಜೊತೆಗಿಟ್ಟೇ ನೋಡಬೇಕಾಗುತ್ತದೆ.